ಕಾರ್ಡ್ ಹೋಲ್ಡರ್ ಮಾಡುವಾಗ ಎರಡು ಗೆರೆಯ ಮಡಿಕೆ

ಗ್ರೀಟಿಂಗ್ ಕಾರ್ಡ್ ಇಡಲು ದಪ್ಪ ಕಾರ್ಡ್‌ಶೀಟಿನಲ್ಲಿ ಹೋಲ್ಡರ್ ಮಾಡುವಾಗ ನಡುವೆ ಒಂದೇ ಮಡಿಕೆ ಹಾಕಬೇಡಿ, 1 ಸೆಂ.ಮೀ. ಅಂತರದಲ್ಲಿ ಎರಡು ಗೆರೆ ಎಳೆದು ಮಡಿಸಿ. ಪುಸ್ತಕದ ಬೆನ್ನಿನ ಹಾಗೆ ಜಾಗ ಸಿಗುತ್ತದೆ, ಏಳೆಂಟು ಕಾರ್ಡ್ ಇಟ್ಟರೂ ಬಾಯಿ ಬಿಟ್ಟುಕೊಳ್ಳುವುದಿಲ್ಲ. ಗೆರೆಯನ್ನು ಇಂಕು ಮುಗಿದ ಬಾಲ್ ಪೆನ್ನಿನಿಂದ ಸ್ಕೇಲ್ ಇಟ್ಟು ಒತ್ತಿ ಎಳೆಯಿರಿ (ಬ್ಲೇಡ್ ಬೇಡ, ಕತ್ತರಿಸಿಯೇ ಹೋಗುತ್ತದೆ). ಕಾಗದದ ನಾರು ಅಲ್ಲಿ ಮೊದಲೇ ಅದುಮಿರುವುದರಿಂದ ಮಡಿಕೆ ನೇರವಾಗಿ ಬೀಳುತ್ತದೆ, ಬಿರುಕು ಕಡಿಮೆ. ಗೆರೆ ಎಳೆಯುವ ಮುಂಚೆ ಶೀಟನ್ನು ಉದ್ದಕ್ಕೂ ಅಡ್ಡಕ್ಕೂ ಸುಮ್ನೆ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಬೆನ್ನಿನ ಮಡಿಕೆ ಅದೇ ಕಡೆ ಬರಲಿ. ಗ್ಲಿಟರ್ ಶೀಟಿಗೆ ಮಾತ್ರ ಇದು ಆಗಿಬರುವುದಿಲ್ಲ, ಮಡಿಕೆಯಲ್ಲಿ ಮೇಲಿನ ಪದರ ಉದುರುತ್ತದೆ. ಅದನ್ನು ಮುಂಭಾಗದ ಅಲಂಕಾರಕ್ಕೆ ಇಟ್ಟುಕೊಳ್ಳಿ.