ಮಾಟುಂಗಾದ ತಾರಸಿಯಲ್ಲಿ ಸೂರ್ಯನ 8: ನನ್ನ ಅನುಭವ

ವರ್ಷವಿಡೀ ಗಡಿಯಾರದ ಒಂದೇ ಹೊತ್ತಿಗೆ ಸೂರ್ಯನ ಬಿಂಬವೋ ಕೋಲಿನ ನೆರಳೋ ಬೀಳುವ ಜಾಗಕ್ಕೆ ಚುಕ್ಕೆ ಇಡುತ್ತ ಹೋದರೆ 8ರ ಆಕಾರ ಮೂಡುತ್ತದೆ, ಅದೇ ಅನಲೆಮ್ಮಾ. ಮುಂಬಯಿಯಲ್ಲಿ ಅದು ಪೂರ್ತಿ ಬರುವುದಿಲ್ಲ, ನಾಲ್ಕು ತಿಂಗಳು ಮಳೆಯೇ ನುಂಗಿಬಿಡುತ್ತದೆ ಎಂದು ನಮ್ಮ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. ಬಂದಿದೆ. ನಮ್ಮ ಕಟ್ಟಡದ ತಾರಸಿಯಲ್ಲಿ, ಸಾಲಾಗಿ ಅಂಟಿಸಿದ ನಾಲ್ಕು ಟೈಲ್ಸ್ ಮೇಲೆ, ಚುಕ್ಕೆ ಚುಕ್ಕೆಯಾಗಿ ಪೂರ್ತಿ 8 ಮೂಡಿದೆ. ಅನುಮಾನ ಪಟ್ಟವರು ಬಂದು ನೋಡಿಕೊಂಡೂ ಹೋಗಿದ್ದಾರೆ. ಹೇಗೆ ಮಾಡಿದಿರಿ, ಎಷ್ಟು ಖರ್ಚಾಯಿತು ಎಂದು ಕೇಳುವವರು ಜಾಸ್ತಿಯಾದ್ದರಿಂದ ಒಂದೇ ಸಲ ಬರೆದುಬಿಡುತ್ತೇನೆ.

ನನಗೆ ಪ್ರೆಸ್ಸಿನಲ್ಲಿ ಸೆಕೆಂಡ್ ಶಿಫ್ಟ್. ಮಧ್ಯಾಹ್ನ ಒಂದೂವರೆಯವರೆಗೆ ಮನೆಯಲ್ಲೇ ಇರುತ್ತೇನೆ. ಈ ಕೆಲಸಕ್ಕೆ ಅದೇ ದೊಡ್ಡ ಬಂಡವಾಳ.

ಮೊದಲು ಎಲ್ಲರ ಹಾಗೆ ಕೋಲು ನೆಟ್ಟೆ. ಜಿಐ ಪೈಪು, ಸಿಮೆಂಟ್ ತುಂಬಿದ ಬಕೆಟ್ಟು, ಎಲ್ಲ ಸೇರಿ ಐನೂರು ಆರುನೂರು ರೂಪಾಯಿ. ಕೋಲಿನ ತೊಂದರೆ ಮಾಡಿದವರಿಗೆಲ್ಲ ಗೊತ್ತು. ನೆರಳಿನ ತುದಿ ಎಲ್ಲಿ ಮುಗಿಯುತ್ತದೆ ಎಂದು ಹೇಳಲಿಕ್ಕೇ ಆಗುವುದಿಲ್ಲ. ಸೂರ್ಯ ಅರ್ಧ ಡಿಗ್ರಿ ಅಗಲ ಇರುವುದರಿಂದ ತುದಿ ಮಸುಕಾಗುತ್ತದೆ, ಕೋಲು ಎತ್ತರ ಮಾಡಿದಷ್ಟೂ ಮಸುಕು ಬೆಳೆಯುತ್ತದೆ. ಇಬ್ಬರು ಗುರುತು ಹಾಕಿದರೆ ಎರಡು ಜಾಗ. ಮೇಲಿಂದ ನಮ್ಮಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ಯಾರೋ ಆ ಪೈಪಿಗೇ ಕಟ್ಟಿ ಅದು ವಾಲಿತು. ಆಮೇಲೆ ಗುರುತಿನ ಪಾಡು. ಸೀಮೆಸುಣ್ಣ ಗಾಳಿಗೆ ಹೋಯಿತು. ಪರ್ಮನೆಂಟ್ ಮಾರ್ಕರ್ ಎಂದು ಕೊಂಡದ್ದು ಎರಡು ತಿಂಗಳ ಬಿಸಿಲಿಗೆ ಬಿಳಿಚಿಕೊಂಡಿತು. ಆಯಿಲ್ ಪೇಂಟ್ ಮಾತ್ರ ಗಟ್ಟಿಯಾಗಿ ನಿಂತಿತ್ತು, ಆದರೆ ಮೇ ತಿಂಗಳಲ್ಲಿ ವಾಟರ್‌ಪ್ರೂಫಿಂಗ್‌ನವರು ಬಂದು ತಾರಸಿಯಿಡೀ ಒಂದು ಕೋಟ್ ಬಳಿದು ಹೋದರು. ಅರ್ಧ ವರ್ಷದ ಚುಕ್ಕೆಗಳು ಅದರಡಿಯಲ್ಲಿವೆ.

ಅಲ್ಲಿಂದ ಕೋಲು ಬಿಟ್ಟೆ, ತೂತು ಹಿಡಿದೆ.

ಫ್ಯಾಬ್ರಿಕೇಟರ್ ಹತ್ತಿರ ಒಂದಡಿ ಚೌಕದ ತಗಡು ಕತ್ತರಿಸಿ, ನಡುವೆ ಐದು ಮಿಲಿಮೀಟರ್ ತೂತು ಕೊರೆಸಿದೆ. ನೀರಿನ ಟ್ಯಾಂಕಿನ ಪಶ್ಚಿಮದ ಗೋಡೆಯಿಂದ ಎರಡಡಿ ಹೊರಗೆ ಚಾಚುವ ಹಾಗೆ ಆಂಗಲ್ ಬ್ರಾಕೆಟ್ ಹೊಡೆಸಿ, ನೆಲದಿಂದ ಸರಿಯಾಗಿ ಎರಡು ಮೀಟರ್ ಎತ್ತರಕ್ಕೆ, ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟವಾಗಿ ಕೂರಿಸಿದೆ. ಎರಡಡಿಗಿಂತ ಕಡಿಮೆ ಮಾಡಬೇಡಿ. ನಾನು ಚುಕ್ಕೆ ಇಡುವುದು ಮಧ್ಯಾಹ್ನ 12:38ಕ್ಕೆ, ಫೆಬ್ರುವರಿಯಲ್ಲಿ ಆ ಹೊತ್ತಿಗೆ ಸೂರ್ಯ ಇನ್ನೂ ಸ್ವಲ್ಪ ಪೂರ್ವಕ್ಕೇ ಇರುತ್ತಾನೆ, ಟ್ಯಾಂಕು ಅಡ್ಡ ಬರುತ್ತದೆ. ತಗಡು, ಆಂಗಲ್, ಕೂಲಿ ಎಲ್ಲ ಸೇರಿ ಒಂದೂವರೆ ಸಾವಿರದ ಹತ್ತಿರ. ಪಾರಿವಾಳ ಕೂರದ ಹಾಗೆ ಮೇಲೆ ಸಣ್ಣ ತಂತಿಗಳನ್ನು ನಿಲ್ಲಿಸಬೇಕಾಯಿತು, ಇಲ್ಲದಿದ್ದರೆ ವಾರಕ್ಕೊಮ್ಮೆ ತೂತು ಮುಚ್ಚಿಹೋಗುತ್ತದೆ.

ತಗಡಿನ ನೆರಳಿನ ನಡುವೆ ಸೂರ್ಯನ ಬಿಂಬವೇ ಬೀಳುತ್ತದೆ. ಮೇ ತಿಂಗಳಲ್ಲಿ ದುಂಡಗೆ, ಒಂದು ರೂಪಾಯಿ ನಾಣ್ಯದಷ್ಟು. ಡಿಸೆಂಬರ್‌ನಲ್ಲಿ ಓರೆಯಾಗಿ ಬಿದ್ದು ಉತ್ತರಕ್ಕೆ ಉದ್ದವಾಗುತ್ತದೆ, ಮೂರೂವರೆ ನಾಲ್ಕು ಸೆಂಟಿಮೀಟರ್. ಅಂಚು ಮಸುಕಾದರೂ ನಡು ಸಿಗುತ್ತದೆ, ಅಷ್ಟು ಸಾಕು. ಹತ್ತಿರ ಕೂತು ನೋಡಿದರೆ ಬಿಂಬ ಪೂರ್ವಕ್ಕೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ನಿಮಿಷಕ್ಕೆ ಸುಮಾರು ಒಂಬತ್ತು ಮಿಲಿಮೀಟರ್. ಪಕ್ಕದ ಮನೆಯ ಹುಡುಗರಿಗೆ ಭೂಮಿ ತಿರುಗುವುದನ್ನು ಇದರಲ್ಲೇ ತೋರಿಸಿದ್ದೇನೆ.

ಗುರುತಿಗೆ ತಾರಸಿಯ ನೆಲವನ್ನೇ ನಂಬಬೇಡಿ. ಯಾರದೋ ಮನೆಯ ರಿಪೇರಿಯಲ್ಲಿ ಉಳಿದ ಎರಡಡಿಯ ಟೈಲ್ಸ್ ನಾಲ್ಕು ಸುಮ್ನೆ ಸಿಕ್ಕಿದವು. ಅವನ್ನು ಉತ್ತರ-ದಕ್ಷಿಣ ಸಾಲಾಗಿ ಅಂಟಿಸಿದೆ. ಅಂಟಿಗೆ ನಾನೂರೋ ಏನೋ. ಪ್ರತಿ ಚುಕ್ಕೆಯನ್ನೂ ಟೈಲ್ಸಿನ ಎರಡು ಅಂಚಿನಿಂದ ಅಳೆದು ಪುಸ್ತಕದಲ್ಲೂ ಬರೆದಿಟ್ಟೆ. ಈಗ ಯಾರು ಏನು ಬಳಿದರೂ ಚಿಂತೆಯಿಲ್ಲ.

ದಿಕ್ಕಿಗೆ ಫೋನಿನ ಕಂಪಾಸ್ ಬೇಡವೇ ಬೇಡ. ಸ್ಲಾಬಿನೊಳಗಿನ ಕಬ್ಬಿಣಕ್ಕೆ ಅದು ಒಂದೊಂದು ಮೂಲೆಯಲ್ಲಿ ಒಂದೊಂದು ಉತ್ತರ ತೋರಿಸುತ್ತದೆ. ಸೂರ್ಯ ವರ್ಷವಿಡೀ ಗಡಿಯಾರಕ್ಕಿಂತ ಒಮ್ಮೆ ಮುಂದೆ, ಒಮ್ಮೆ ಹಿಂದೆ ಆಗುತ್ತಿರುತ್ತಾನೆ, ಏಪ್ರಿಲ್ 15ರ ಹೊತ್ತಿಗೆ ಎರಡಕ್ಕೂ ಹೊಂದಾಣಿಕೆ. ಆ ದಿನ 12 ಗಂಟೆ 38 ನಿಮಿಷ 30 ಸೆಕೆಂಡಿಗೆ ತೂಗುಗುಂಡಿನ ದಾರದ ನೆರಳಿನ ಮೇಲೆ ಗೆರೆ ಎಳೆದರೆ ಮುಗಿಯಿತು, ಅದೇ ಉತ್ತರ-ದಕ್ಷಿಣ. ಸೆಪ್ಟೆಂಬರ್ 1, ಡಿಸೆಂಬರ್ 25 ಕೂಡ ಆಗುತ್ತದೆ. 12:38 ಏಕೆಂದರೆ ನಾವು ದೇಶದ ಗಡಿಯಾರಕ್ಕೆ ಆಧಾರವಾದ 82.5 ಡಿಗ್ರಿ ರೇಖಾಂಶಕ್ಕಿಂತ ಒಂಬತ್ತೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದ್ದೇವೆ. 1955ರವರೆಗೆ ಈ ಊರಿಗೆ ತನ್ನದೇ ಬಾಂಬೆ ಟೈಮ್ ಇತ್ತು, ದೇಶದ ಗಡಿಯಾರಕ್ಕಿಂತ 39 ನಿಮಿಷ ಹಿಂದೆ. ಅದು ಇವತ್ತಿಗೂ ಇದ್ದಿದ್ದರೆ ನಾನು ದಿನಾ ಹನ್ನೆರಡಕ್ಕೇ ಚುಕ್ಕೆ ಇಡುತ್ತಿದ್ದೆ.

ಇನ್ನು ಮಳೆಗಾಲ. ಎಲ್ಲರೂ ಕೈಚೆಲ್ಲಿದ್ದು ಇಲ್ಲೇ. ಆದರೆ ಲೆಕ್ಕ ಹಾಕಿ ನೋಡಿ. ಎರಡು ಮೀಟರ್ ಎತ್ತರಕ್ಕೆ ನನ್ನ 8ರ ಒಟ್ಟು ಉದ್ದ ಎರಡು ಮೀಟರ್‌ನ ಹತ್ತಿರ: ಡಿಸೆಂಬರ್ 21ಕ್ಕೆ ತೂತಿನ ನೇರ ಕೆಳಗೆ ತೂಗುಗುಂಡು ತೋರಿಸುವ ಬಿಂದುವಿನಿಂದ 183 ಸೆಂಟಿಮೀಟರ್ ಉತ್ತರಕ್ಕೆ, ಜೂನ್ 21ಕ್ಕೆ 15 ಸೆಂಟಿಮೀಟರ್ ದಕ್ಷಿಣಕ್ಕೆ. ಏಪ್ರಿಲ್ ನಡುವಿನಿಂದ ಆಗಸ್ಟ್ ಕೊನೆಯವರೆಗಿನ ಚಿಕ್ಕ ಕುಣಿಕೆಯಿಡೀ ಒಂದೇ ಟೈಲ್ಸಿನ ಮೇಲೆ ಮುಗಿಯುತ್ತದೆ, ಅರ್ಧ ಮೀಟರ್ ಉದ್ದ, ಎಂಟೊಂಬತ್ತು ಸೆಂಟಿಮೀಟರ್ ಅಗಲ. ಅದರ ಪೂರ್ವದ ಬದಿ ಏಪ್ರಿಲ್-ಮೇ ಬಿಸಿಲಿನಲ್ಲೇ ಸಿಕ್ಕಿಬಿಡುತ್ತದೆ. ಮಾರ್ಚ್ 20ರ ಆಸುಪಾಸಿನಲ್ಲಿ ವಾರಕ್ಕೆ ಹನ್ನೊಂದು ಸೆಂಟಿಮೀಟರ್ ಓಡುವ ಬಿಂಬ ಜೂನ್ ಕೊನೆಯಲ್ಲಿ ಉತ್ತರ-ದಕ್ಷಿಣವಾಗಿ ಒಂದು ಸೆಂಟಿಮೀಟರ್ ಕೂಡ ಕದಲುವುದಿಲ್ಲ. ಎರಡು ವಾರ ಮೋಡ ಕವಿದರೂ ನಷ್ಟವಿಲ್ಲ ಅಲ್ವಾ? ಮಳೆ ಜೋರಾಗಿರುವ ಕಾಲವೂ ಸೂರ್ಯ ನಿಧಾನವಾಗಿ ತಿರುಗಿಕೊಳ್ಳುವ ಕಾಲವೂ ಒಂದೇ. ಇದು ನಮಗೆ ಅನುಕೂಲ. ಜುಲೈ, ಆಗಸ್ಟ್ ಸೇರಿ ಏಳೆಂಟು ಚುಕ್ಕೆ ಸಿಕ್ಕಿದರೆ ಪಶ್ಚಿಮದ ಬದಿಯೂ ಮುಗಿಯಿತು. ಅವು ಒಂದೇ ವರ್ಷ ಸಿಗಬೇಕೆಂದೂ ಇಲ್ಲ. ನನಗೆ ಎರಡು ಮಳೆಗಾಲ ಹಿಡಿಯಿತು.

ತೆಳು ಮೋಡದಲ್ಲಿ ಬಿಂಬ ಕಾಣುವುದಿಲ್ಲ ಎನ್ನುವವರು ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ತಳವನ್ನೂ ಮೇಲಿನ ಸ್ವಲ್ಪ ಭಾಗವನ್ನೂ ಕತ್ತರಿಸಿ, ಒಳಗೆ ಕಪ್ಪು ಬಳಿದು, ಟೈಲ್ಸಿನ ಮೇಲಿಟ್ಟು ಇಣುಕಿ ನೋಡಿ. ಸುತ್ತಲಿನ ಬೆಳಕು ತಡೆದರೆ ಮಸುಕು ಬಿಂಬವೂ ಎದ್ದು ಕಾಣುತ್ತದೆ. 12:38ಕ್ಕೆ ಸರಿಯಾಗಿ ಮೋಡ ಬಂದರೆ ಅದಕ್ಕೆ ಮೊದಲು ಒಂದು, ಆಮೇಲೊಂದು ಚುಕ್ಕೆ ಇಟ್ಟು ನಡುವಿನದನ್ನು ತೆಗೆಯುತ್ತೇನೆ. ನೇರ ಗೆರೆ ಎಳೆದರೆ ಅರ್ಧ ಸೆಂಟಿಮೀಟರ್ ತಪ್ಪುತ್ತದೆ, ಏಕೆಂದರೆ ದಾರಿ ಬಾಗಿರುತ್ತದೆ. ಅದನ್ನು ಸರಿಮಾಡಲು ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಕೊಡುವುದಿಲ್ಲ, ತಾರಸಿಗೆ ಬಂದವರಿಗೆ ತೋರಿಸುತ್ತೇನೆ.

ದೊಡ್ಡ ಕುಣಿಕೆ ಮೂವತ್ತು ಸೆಂಟಿಮೀಟರ್‌ಗೂ ಅಗಲ. ನವೆಂಬರ್ ಮೊದಲ ವಾರ ಪೂರ್ವದ ತುದಿ, ಫೆಬ್ರುವರಿ ಎರಡನೇ ವಾರ ಪಶ್ಚಿಮದ ತುದಿ. ನನಗೆ ತುಂಬ ಇಷ್ಟವಾದದ್ದು ಡಿಸೆಂಬರ್ ಕೊನೆಯ ವಾರ. ಬಿಂಬ ಉತ್ತರ-ದಕ್ಷಿಣವಾಗಿ ನಿಂತೇಬಿಟ್ಟಿರುತ್ತದೆ, ಆದರೆ ಒಂದೇ ವಾರದಲ್ಲಿ ನಾಲ್ಕು ಸೆಂಟಿಮೀಟರ್ ಪಶ್ಚಿಮಕ್ಕೆ ಜಾರುತ್ತದೆ. ಭೂಮಿ ಸೂರ್ಯನಿಗೆ ಹತ್ತಿರವಾಗಿ ವೇಗವಾಗಿ ಓಡುವುದಕ್ಕೂ ಇದರಲ್ಲಿ ಪಾಲಿದೆ. ನಾವು ಸ್ವೆಟರ್ ಹುಡುಕುವ ಹೊತ್ತಿಗೇ ಭೂಮಿ ಸೂರ್ಯನ ಹತ್ತಿರ ಇರುವುದು ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಸಂಕ್ರಾಂತಿಯ ದಿನ ಕೆಳಗಿನ ಮನೆಯ ಶೆಟ್ಟರ ಹೆಂಡತಿ ಎಳ್ಳುಬೆಲ್ಲ ಕೊಡಲು ಮೇಲೆ ಬಂದಿದ್ದರು. "ಉತ್ತರಾಯಣ ಇವತ್ತಲ್ವಾ ಶುರು?" ಎಂದರು. ಚುಕ್ಕೆಗಳನ್ನು ತೋರಿಸಿದೆ. ಬಿಂಬ ಆಗಲೇ ಹದಿಮೂರು ಸೆಂಟಿಮೀಟರ್ ಹಿಂದಕ್ಕೆ ಬಂದಿತ್ತು. ಸೂರ್ಯ ತಿರುಗಿದ್ದು ಡಿಸೆಂಬರ್ 21-22ಕ್ಕೆ, ನಮ್ಮ ಹಬ್ಬ ನಕ್ಷತ್ರದ ಲೆಕ್ಕದ್ದು, ಎರಡರ ನಡುವೆ ಸುಮಾರು 72 ವರ್ಷಕ್ಕೊಂದು ದಿನದಂತೆ ಅಂತರ ಬೆಳೆಯುತ್ತಿದೆ ಎಂದೆ. ಅವರು ಕೂತು ಒಂದೊಂದೇ ಚುಕ್ಕೆಯ ತಾರೀಕು ಕೇಳಿ ತಿಳಿದುಕೊಂಡರು.

ಪಕ್ಕದ ಪ್ರಯೋಗಗಳೂ ಆದವು. ಕುಂದಾಪುರದಲ್ಲಿ ಅಕ್ಕನಿಗೆ ಒಂದು ಮೀಟರ್ ಕೋಲು ನೆಡಿಸಿ, ಫೋನಿನಲ್ಲಿ ಮಾತಾಡುತ್ತ ಒಂದೇ ದಿನ ಅಳೆದೆವು. ಅಲ್ಲಿ ನೆತ್ತಿಯ ಹೊತ್ತು ನಮಗಿಂತ ಏಳು ನಿಮಿಷ ಮೊದಲೇ ಆಯಿತು. ಸೂರ್ಯನ ಎತ್ತರದ ವ್ಯತ್ಯಾಸ ಐದೂವರೆ ಡಿಗ್ರಿ, ಉತ್ತರ-ದಕ್ಷಿಣ ದೂರ ಸುಮಾರು 600 ಕಿಲೋಮೀಟರ್. ಅದನ್ನು 360 ಡಿಗ್ರಿಗೆ ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ ಸುಮಾರು 39,300 ಕಿಲೋಮೀಟರ್ ಬಂತು. ನಿಜವಾದದ್ದು ಸುಮಾರು 40,000. ಒಂದು ಪೈಸೆ ಖರ್ಚಿಲ್ಲ.

ಗ್ರಹಣಕ್ಕೆ ತಗಡು ಸಾಲದು, ಬಿಂಬ ಚಿಕ್ಕದು. 2022ರ ಅಕ್ಟೋಬರ್ 25ರಂದು, ದೀಪಾವಳಿಯ ಗಲಾಟೆಯ ನಡುವೆ, ಐದಕ್ಕೆ ಹತ್ತು ನಿಮಿಷ ಇರುವಾಗ ಗ್ರಹಣ ಶುರುವಾಗಿ ಸೂರ್ಯ ಹಾಗೆಯೇ ಮುಳುಗಿದ. ಆಗ ಸಣ್ಣ ಕನ್ನಡಿಗೆ ಕಪ್ಪು ಕಾಗದ ಅಂಟಿಸಿ ಬೆರಳುಗುರಿನಷ್ಟು ಜಾಗ ಮಾತ್ರ ಬಿಟ್ಟು, ಬೆಳಕನ್ನು ಇಪ್ಪತ್ತು ಮೀಟರ್ ದೂರದ ನೆರಳಿನ ಗೋಡೆಗೆ ಹಾಯಿಸಿದೆ. ಗೇಣಗಲದ ಸೂರ್ಯ, ಅಂಚಿನಲ್ಲಿ ಚಂದ್ರ ಕಚ್ಚಿದ ಜಾಗ ಸ್ಪಷ್ಟ. ತಾರಸಿಯಲ್ಲಿದ್ದವರೆಲ್ಲ ಒಟ್ಟಿಗೆ ನೋಡಿದರು, ಯಾರೂ ಸೂರ್ಯನ ಕಡೆ ಕತ್ತೆತ್ತಲಿಲ್ಲ. ಕನ್ನಡಿ ಅಲುಗಾಡದ ಹಾಗೆ ಹಿಡಿಯಲು ನಾನು ಬಳಸಿದ ಸ್ಟ್ಯಾಂಡ್ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಕೋಲಿನ ಕಾಲದ ನಷ್ಟವೂ ಸೇರಿ ಒಟ್ಟು ಮೂರು ಸಾವಿರ ಆಗಿರಬಹುದು. ಕ್ಯಾಮೆರಾ, ಫಿಲ್ಟರ್ ಇಲ್ಲದೆ ಆಗುವುದಿಲ್ಲ ಎಂದವರು ನನಗೆ ಹೇಳಿದ್ದ ಅಂದಾಜು ನಲವತ್ತು ಸಾವಿರ. ನೀವು ಶುರುಮಾಡುವುದಾದರೆ ಸೆಪ್ಟೆಂಬರ್ ಕೊನೆಗೆ ತಗಡು ಕೂರಿಸಿ, ವಾರಕ್ಕೊಂದು ಚುಕ್ಕೆ ಸಾಕು. 2027ರ ಆಗಸ್ಟ್ 2ರಂದು ಇಲ್ಲಿ ಸಂಜೆ ಹೊತ್ತಿಗೆ, ಸೂರ್ಯ ಮುಳುಗುವ ಮೊದಲು, ಪಾರ್ಶ್ವಗ್ರಹಣವಿದೆ. ಮಳೆಗಾಲವೇ, ಆದರೂ ಕನ್ನಡಿ ಸಿದ್ಧ ಮಾಡಿಟ್ಟಿರುತ್ತೇನೆ.