ಗುರುತಿಲ್ಲದವರ ಉಪಕಾರದ ಕಥೆ: ಆರು ನಿಮಿಷದ ಕಿರುಚಿತ್ರ ಮಾಡುವುದು ಹೇಗೆ?

ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಕಾಲೇಜು ಮಕ್ಕಳ ಕಿರುಚಿತ್ರ ಸ್ಪರ್ಧೆ ನಡೆದರೆ ತೀರ್ಪು ಕೊಡಲು ಆಗಾಗ ಹೋಗುತ್ತೇನೆ. ಪ್ರತಿ ಸಲವೂ ಒಂದು ಕಥೆ ತಪ್ಪದೆ ಬರುತ್ತದೆ. ಗುರುತು ಪರಿಚಯ ಇಲ್ಲದವರು ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಒದಗುವ ಕಥೆ. ನನಗೆ ತುಂಬ ಇಷ್ಟದ ವಿಷಯ ಇದು. ಆದರೆ ಮಕ್ಕಳು ವಾರಗಟ್ಟಲೆ ಒದ್ದಾಡಿ ಮಾಡಿದ ಚಿತ್ರ ಒಂದೇ ಜಾಗದಲ್ಲಿ ಕೆಡುವುದನ್ನು ನೋಡಿ ನೋಡಿ ಬೇಸರವಾಗಿದೆ. ಸಹಾಯದ ದೃಶ್ಯ ಬಂದ ಕೂಡಲೇ ಕೊಳಲು ಶುರು. ಎಲ್ಲರ ನಡಿಗೆ ನಿಧಾನ. ಮುದುಕಿ ಕೈ ಮುಗಿಯುತ್ತಾಳೆ, ಹುಡುಗ ಆಕಾಶ ನೋಡಿ ನಗುತ್ತಾನೆ, ಪರದೆ ಕಪ್ಪಾಗಿ 'ಮಾನವೀಯತೆ ಇನ್ನೂ ಸತ್ತಿಲ್ಲ' ಅಂತ ಅಕ್ಷರ ಬರುತ್ತದೆ. ಕಣ್ಣು ಒದ್ದೆಯಾಗಬೇಕಾದ ಹೊತ್ತಿಗೆ ಸಭೆಯಲ್ಲಿ ಕೂತವರು ಫೋನ್ ತೆಗೆಯುತ್ತಾರೆ.

ಒಂದು ಫೋನ್, ನಾಲ್ಕು ಗೆಳೆಯರು, ಎರಡು ದಿನ ರಜೆ. ಇಷ್ಟಿದ್ದರೆ ಸಾಕು, ಈ ತಪ್ಪಿಲ್ಲದೆ ಚಿತ್ರ ಮಾಡಬಹುದು.

ಹಂತ 1: ಸಣ್ಣ ಕಷ್ಟ ಹಿಡಿಯಿರಿ

2010ರ ಮೇ 22ರಂದು ಮಂಗಳೂರಿನ ಹತ್ತಿರದ ಕೆಂಜಾರಿನಲ್ಲಿ ವಿಮಾನ ಬಿದ್ದಾಗ ಸುತ್ತಲಿನ ಮನೆಗಳವರೇ ಮೊದಲು ಕಣಿವೆಗೆ ಇಳಿದು ಓಡಿದ್ದರು. ಅಂಥ ದೊಡ್ಡ ಘಟನೆಯನ್ನು ಆರು ನಿಮಿಷದಲ್ಲಿ ಹೇಳಲು ಹೋಗಬೇಡಿ. 158 ಜೀವ ಹೋದ ದಿನವದು. ಅವರ ಮನೆಯವರು ಇಲ್ಲೇ ನಮ್ಮ ನಡುವೆ ಇದ್ದಾರೆ.

ರಸ್ತೆ ಅಪಘಾತದ ಕಥೆಯೂ ಜಾಸ್ತಿ ಬರುತ್ತದೆ. ಗಾಯಾಳುವನ್ನು ಆಸ್ಪತ್ರೆಗೆ ಒಯ್ದವನನ್ನೇ ಪೊಲೀಸರು ಕೂರಿಸಿ ಸತಾಯಿಸುವ ದೃಶ್ಯ ಅದರಲ್ಲಿ ಇದ್ದೇ ಇರುತ್ತದೆ. ದಯವಿಟ್ಟು ಅದನ್ನು ಬಿಡಿ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಕಲಂ ಸೇರಿದೆ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಅದು ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಹೇಳಲೇಬೇಕು ಅಂತ ಅವರನ್ನು ಯಾರೂ ಒತ್ತಾಯಿಸುವಂತಿಲ್ಲ. ನಿಮ್ಮ ಚಿತ್ರ ನೋಡಿ ಒಬ್ಬರು ಹೆದರಿ ಬೈಕ್ ನಿಲ್ಲಿಸದೆ ಹೋದರೂ ಅದು ದೊಡ್ಡ ನಷ್ಟ.

ಹಾಗಾದರೆ ಎಂಥ ಕಥೆ? ನಾನು ತರಗತಿಗಳಲ್ಲಿ ಹೇಳುವ ಒಂದು ಉದಾಹರಣೆ ಕೊಡುತ್ತೇನೆ. ಕಟಪಾಡಿಯಲ್ಲಿ ಒಬ್ಬ ಹೆಂಗಸು ಬಸ್ ಹತ್ತುತ್ತಾರೆ. ಮಡಿಲಲ್ಲಿ ಬಾಳೆ ಎಲೆಯ ಕಟ್ಟು, ಅದರೊಳಗೆ ಒಂದು ಅಟ್ಟೆ ಶಂಕರಪುರ ಮಲ್ಲಿಗೆ. ಉಡುಪಿಯ ಮದುವೆ ಮನೆಗೆ ಅದು ಹೋಗಬೇಕು. ಉದ್ಯಾವರದಲ್ಲಿ ಬಸ್ ಕೆಟ್ಟು ನಿಲ್ಲುತ್ತದೆ, ಮಳೆ ಬೇರೆ. ಗೂಡಂಗಡಿಯ ಮಾಡಿನಡಿ ಸ್ಕೂಟರ್ ನಿಲ್ಲಿಸಿ ಒಬ್ಬ ನಿಂತಿದ್ದಾನೆ. ಮಲ್ಪೆಯಲ್ಲಿ ಮೀನು ತಗೊಂಡು ಕಾಪುವಿನ ಮನೆಗೆ ಹೊರಟವನು. ಹೂವು ಹೋಗಬೇಕಾದದ್ದು ಅವನು ಬಂದ ದಾರಿಗೆ. ಅವನು ವಾಪಸ್ ತಿರುಗುತ್ತಾನೆಯೇ? ಕಥೆ ಅಷ್ಟೇ.

ಇದರಲ್ಲಿ ಮಲ್ಲಿಗೆಯೇ ಗಡಿಯಾರ. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬೆಳಿಗ್ಗೆ ಮೊಗ್ಗು ಕೊಯ್ದು ಬಾಳೆ ನಾರಿನಲ್ಲಿ ಒಂದೊಂದಾಗಿ ಕಟ್ಟಿದ್ದು, ಹೊತ್ತು ಮೀರಿದರೆ ಬಾಡುತ್ತದೆ. 'ತಡವಾಗುತ್ತಿದೆ' ಅಂತ ಯಾರ ಬಾಯಲ್ಲೂ ಹೇಳಿಸಬೇಕಾಗಿಲ್ಲ.

ಮೀನಿನ ಬಗ್ಗೆ ಒಂದು ಎಚ್ಚರಿಕೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ತಿಂಗಳಲ್ಲಿ ಮಲ್ಪೆಯಿಂದ ತೊಟ್ಟೆ (ಪ್ಲಾಸ್ಟಿಕ್ ಚೀಲ) ತುಂಬ ಬಂಗುಡೆ ತಂದರೆ ನಮ್ಮೂರಿನವರು ನಂಬುವುದಿಲ್ಲ. ಕಥೆಯನ್ನು ಸೆಪ್ಟೆಂಬರಿಗೆ ತಳ್ಳಿ. ಮಳೆ ಆಗಲೂ ಸಿಗುತ್ತದೆ.

ಹಂತ 2: ಬರೆಯುವುದು

ಒಂದು ಪುಟಕ್ಕೆ ಒಂದು ನಿಮಿಷ ಅಂತ ಲೆಕ್ಕ. ಆರು ಪುಟ ದಾಟಬೇಡಿ.

ಹಂತ 3: ಜನ, ಜಾಗ

ಬಸ್ಸಿನ ಮಾಲೀಕರನ್ನು, ಅಂಗಡಿಯವರನ್ನು ಮೊದಲೇ ಕೇಳಿ. ರೈಲು ನಿಲ್ದಾಣಕ್ಕೆ ರೈಲ್ವೆಯ ಅನುಮತಿ ಬೇಕು, ಸುಮ್ನೆ ಕ್ಯಾಮೆರಾ ಹಿಡಿದು ಹೋಗಬೇಡಿ. ಸ್ಕೂಟರ್ ಓಡುವುದನ್ನು ಹೆದ್ದಾರಿಯಲ್ಲಿ ತೆಗೆಯುವುದು ಬೇಡವೇ ಬೇಡ, ಮಟ್ಟು ಕಡೆಯ ಒಳರಸ್ತೆ ಸಾಕು. ಇಲ್ಲಿ ನಟರಿಗೆ ಬರ ಇಲ್ಲ. ಯಕ್ಷಗಾನ, ನಾಟಕ ಮಾಡಿದವರು ಪ್ರತಿ ಬೀದಿಯಲ್ಲಿದ್ದಾರೆ. ಆದರೆ ಕೊನೆಯ ಸಾಲಿನವರೆಗೆ ಕೇಳುವಂತೆ ಮಾತಾಡಿ ಅವರಿಗೆ ಅಭ್ಯಾಸ. ಪಕ್ಕದ ಸೀಟಿನವರಿಗೆ ಹೇಳುವಷ್ಟೇ ಮೆಲ್ಲಗೆ ಹೇಳಿ ಅಂತ ಮೊದಲ ದಿನವೇ ತಿಳಿಸಿ.

ಕೆಲವರು ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಕ್ಯಾಮೆರಾ ಅಡಗಿಸಿಟ್ಟು, ಗೆಳೆಯನನ್ನು ಬಿದ್ದವನ ಹಾಗೆ ಮಲಗಿಸಿ, ಯಾರು ಎತ್ತುತ್ತಾರೆ ನೋಡೋಣ ಅಂತ ಚಿತ್ರ ಮಾಡುತ್ತಾರೆ. ಇದನ್ನು ಖಂಡಿತ ಮಾಡಬೇಡಿ. ಎತ್ತಲು ಬಂದವರಿಗೆ ಮೋಸ ಮಾಡಿದ ಹಾಗಾಯಿತು. ನಾಳೆ ನಿಜವಾಗಿ ಬಿದ್ದವನ ಹತ್ತಿರ ಅವರು ಅನುಮಾನದಿಂದ ಬರುತ್ತಾರೆ.

ಹಂತ 4: ಸಹಾಯದ ಆ 40 ಸೆಕೆಂಡು

ಎಲ್ಲರೂ ಎಡವುವುದು ಇಲ್ಲೇ. ಇದೊಂದಕ್ಕೆ ಅರ್ಧ ದಿನ ಇಟ್ಟುಕೊಳ್ಳಿ.

ಮೊದಲು 'ಬೇಡ' ಬರಬೇಕು. ನಮ್ಮ ಕಡೆ ಯಾರೂ ಕೇಳಿದ ಕೂಡಲೇ 'ಹೌದು, ಬಿಟ್ಟು ಬನ್ನಿ' ಅನ್ನುವುದಿಲ್ಲ. 'ಅಡ್ಡಿಲ್ಲ, ಇನ್ನೊಂದು ಬಸ್ ಬರ್ತದೆ' ಅನ್ನುತ್ತಾರೆ. ಹಾಗೆ ಹೇಳುವಾಗ ಕೈ ಮಾತ್ರ ಎಲೆಯ ಕಟ್ಟನ್ನು ಒಮ್ಮೆ ಮುಟ್ಟಿ ನೋಡುತ್ತದೆ. ಆ ಕೈ ತೋರಿಸಿ. ಸಹಾಯ ಪಡೆಯುವವರ ಮಾನ ಇರುವುದು ಆ 'ಅಡ್ಡಿಲ್ಲ'ದಲ್ಲಿ. ಅದನ್ನು ಕತ್ತರಿಸಿದರೆ ಅವರು ಬೇಡುವವರಾಗಿ ಕಾಣುತ್ತಾರೆ.

ಎರಡನೆಯದು ಭಾಷೆ. ನಮ್ಮಲ್ಲಿ ಗುರುತಿಲ್ಲದವರು ಮಾತು ತೆಗೆಯುವುದು ಹೆಚ್ಚಾಗಿ ಕನ್ನಡದಲ್ಲಿ. ಎರಡು ವಾಕ್ಯ ಆಗುವಾಗ ಧಾಟಿ ಗೊತ್ತಾಗುತ್ತದೆ, ಮಾತು ತುಳುವಿಗೋ ಬ್ಯಾರಿಗೋ ಕೊಂಕಣಿಗೋ ಹೊರಳುತ್ತದೆ. 'ಎಲ್ಲಿಗೆ ಹೋಗ್ಬೇಕು ನೀವು?' ಅಂತ ಕೇಳಿದವನು ಉತ್ತರ ಕೇಳಿಸಿಕೊಂಡು 'ಬಲೆ, ಕುಲ್ಲುಲೆ' ಅನ್ನುತ್ತಾನೆ. ತುಳುವಿನಲ್ಲಿ ಬನ್ನಿ, ಕೂತುಕೊಳ್ಳಿ ಅಂತ. ಗುರುತಿಲ್ಲದವರು ನಮ್ಮವರಾಗುವುದು ಆ ಒಂದು ಕ್ಷಣದಲ್ಲಿ. ಹೊರಗಿನ ನಿರ್ದೇಶಕರಿಗೆ ಇದು ಸುಲಭಕ್ಕೆ ಸಿಗುವುದಿಲ್ಲ, ನಿಮಗೆ ಹುಟ್ಟಿನಿಂದಲೇ ಉಂಟು. ಬಳಸಿಕೊಳ್ಳಿ.

ಮೂರನೆಯದು, ಸಹಾಯ ಮಾಡುವವನಿಗೆ ಏನಾದರೂ ಕಳೆದುಹೋಗುವ ಹಾಗಿರಬೇಕು. ನಮ್ಮ ಸ್ಕೂಟರಿನವನ ಹತ್ತಿರ ಮೀನು ಉಂಟು. ಮದುವೆ ಹೂವಿನ ಜೊತೆ ಮೀನು ಒಯ್ಯಲು ಆಗುವುದಿಲ್ಲ, ಅಲ್ವಾ? ಅವನು ಸ್ಕೂಟರಿನ ಕೊಕ್ಕೆಯಿಂದ ತೊಟ್ಟೆ ಬಿಡಿಸಿ ಕಂಡಕ್ಟರನ ಕಡೆ ಚಾಚುತ್ತಾನೆ. ಕಂಡಕ್ಟರನ ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟು, ಇನ್ನೊಂದು ಕೈಯಲ್ಲಿ ಟಿಕೆಟ್ ಮೆಷಿನ್. ಅವನು ಏನೂ ಕೇಳದೆ ಕಿರುಬೆರಳು ಮುಂದೆ ಮಾಡುತ್ತಾನೆ. ತೊಟ್ಟೆಯ ಕಿವಿ ಆ ಬೆರಳಿಗೆ ಬೀಳುತ್ತದೆ, ಭಾರಕ್ಕೆ ಬೆರಳು ಸ್ವಲ್ಪ ಬಾಗುತ್ತದೆ. ತೊಟ್ಟೆಯ ಮೂಲೆಯಿಂದ ನೀರು ಅವನ ಚಪ್ಪಲಿ ಮೇಲೆ ತೊಟ್ಟಿಕ್ಕುತ್ತದೆ. ಕ್ಯಾಮೆರಾ ಅಲ್ಲೇ ಇರಲಿ, ಮುಖಕ್ಕೆ ಹೋಗಬೇಡಿ. ನಾನು ಇದನ್ನು ವಿದ್ಯಾರ್ಥಿಗಳ ಜೊತೆ ತೆಗೆಸಿ ನೋಡಿದ್ದೇನೆ. ಸಂಗೀತ ಇಲ್ಲದೆ ಗಂಟಲು ಕಟ್ಟುತ್ತದೆ.

ಅಷ್ಟರಲ್ಲಿ ಅಂಗಡಿಯವನು ತನ್ನ ಹೆಲ್ಮೆಟ್ ತಂದು ಆ ಹೆಂಗಸಿನ ಕೈಗೆ ಕೊಡುತ್ತಾನೆ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಅದಿಲ್ಲದಿದ್ದರೆ ನೋಡುವವರ ಗಮನ ಪೂರ್ತಿ ಅಲ್ಲಿಗೇ ಹೋಗುತ್ತದೆ. ಈಗ ಕೇಳದೆಯೇ ಮೂರನೆಯವರೊಬ್ಬರು ಕೈ ಜೋಡಿಸಿದ ಹಾಗೂ ಆಯಿತು. ಸ್ಕೂಟರಿನವನು ತನ್ನ ಮಳೆ ಕೋಟು ಬಿಚ್ಚಿ ಕೊಡುತ್ತಾನೆ. ಅವರು ಅದನ್ನು ಹೊದ್ದುಕೊಳ್ಳದೆ ಹೂವಿಗೆ ಹೊದಿಸುತ್ತಾರೆ.

ಧನ್ಯವಾದ ಹೇಳಿಸಬೇಡಿ. ಕೈ ಮುಗಿಸಬೇಡಿ. ಹಣ ಕೊಡಲು ಹೋಗಿ ಅವನು ಬೇಡ ಅನ್ನುವ ದೃಶ್ಯವನ್ನೂ ಸೇರಿಸಬೇಡಿ, ಅದು ಸವೆದು ಹೋಗಿದೆ. ನಮ್ಮ ಕಡೆ ಇಳಿಯುವಾಗ 'ಉಪಕಾರ ಆಯ್ತು' ಅನ್ನುತ್ತಾರೆ, ಅದೂ ಮುಖ ನೋಡದೆ, ಸೆರಗು ಸರಿ ಮಾಡಿಕೊಳ್ಳುತ್ತಾ. ತುಳುವಿನಲ್ಲಿ ಧನ್ಯವಾದ ಅನ್ನುವ 'ಸೊಲ್ಮೆಲು' ಇರಲಿ ವೇದಿಕೆಗೆ.

ಸ್ಕೂಟರ್ ಹೊರಟ ಮೇಲೆ ಕತ್ತರಿಸಲು ಅವಸರ ಬೇಡ. ಮೂರು ಸೆಕೆಂಡು ಕಂಡಕ್ಟರನ ಮೇಲೆ ನಿಲ್ಲಿ. ಗುರುತಿಲ್ಲದವನ ಮೀನು ಹಿಡಿದು ನಿಂತಿದ್ದಾನೆ ಅವನು, ಎಲ್ಲಿ ಇಡುವುದು ಅಂತ ಸುತ್ತ ನೋಡುತ್ತಿದ್ದಾನೆ. ಚಿತ್ರದ ಕೊನೆಗೆ ಸ್ಕೂಟರಿನವನು ವಾಪಸ್ ಬರುವಾಗ ಬಸ್ ಹೋಗಿ ಆಗಿದೆ. ಅಂಗಡಿಯವನು ಫ್ರಿಜ್ಜಿನ ಬಾಗಿಲು ತೆರೆಯುತ್ತಾನೆ. ಸೋಡಾ ಬಾಟಲಿಗಳ ನಡುವೆ ತೊಟ್ಟೆ. ಅಲ್ಲಿಗೆ ಮುಗಿಸಿ.

ಈ 40 ಸೆಕೆಂಡನ್ನು ಮೊದಲು ಮಾತೇ ಇಲ್ಲದೆ ಮೂರು ಸಲ ಆಡಿಸಿ. ಮಾತಿಲ್ಲದೆ ಅರ್ಥವಾದರೆ ಮಾತ್ರ ಮಾತು ಸೇರಿಸಿ.

ಹಂತ 5: ಮಳೆ, ಬೆಳಕು, ಶಬ್ದ

ಮಳೆ ಕಣ್ಣಿಗೆ ಕಂಡಷ್ಟು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಹನಿಗಳ ಹಿಂದಿನಿಂದ ಬೆಳಕು ಬರಬೇಕು. ಬಸ್ಸಿನ ಹೆಡ್‌ಲೈಟೋ ಬೀದಿದೀಪವೋ ಮಳೆಯ ಆಚೆ ಇರಲಿ, ನೀವು ಈಚೆ ನಿಲ್ಲಿ. ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಚಿತ್ರ ಮಂಜಾಗುತ್ತದೆ, ಕೊಡೆ ಹಿಡಿಯಲು ಒಬ್ಬರನ್ನು ನಿಲ್ಲಿಸಿ. ಎಸಿ ಕಾರಿನಿಂದ ಇಳಿದ ಕೂಡಲೇ ತೆಗೆಯಬೇಡಿ. ನಮ್ಮ ಕರಾವಳಿ ಸೆಕೆಗೆ ತಣ್ಣಗಿನ ಲೆನ್ಸ್ ಮೇಲೆ ಹಬೆ ಕೂರುತ್ತದೆ. ಕಾಲು ಗಂಟೆ ಹೊರಗಿಟ್ಟು ಶುರು ಮಾಡಿ.

ಅಂಗಡಿಯ ಟ್ಯೂಬ್‌ಲೈಟಿನಡಿ ಚಿತ್ರದ ಮೇಲೆ ಪಟ್ಟೆ ಪಟ್ಟೆ ಓಡುತ್ತದೆಯೇ? ನಮ್ಮ ಕರೆಂಟು 50 ಹರ್ಟ್ಜ್. ಫೋನಿನ ಸೆಟ್ಟಿಂಗನ್ನು ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಮಾಡಿ, ಪಟ್ಟೆ ಹೋಗುತ್ತದೆ. ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. ಮುಖ ಬೆಳ್ಳಗೆ ಮಾಡುವ ಬ್ಯೂಟಿ ಫಿಲ್ಟರ್ ಆರಿಸಿಬಿಡಿ. ದುಡಿಯುವ ಮುಖಗಳ ಗೆರೆ ಅಳಿಸಿದರೆ ಇನ್ನೇನು ಉಳಿಯಿತು?

ಶಬ್ದ ಕೆಟ್ಟರೆ ಚಿತ್ರ ಕೆಟ್ಟ ಹಾಗೆಯೇ. ನನ್ನ ಮೊದಲ ಚಿತ್ರದ ಮುಖ್ಯ ದೃಶ್ಯವನ್ನು ತಗಡಿನ ಮಾಡಿನಡಿ ತೆಗೆದಿದ್ದೆ. ಮಳೆಗೆ ಒಂದು ಮಾತೂ ಉಳಿಯಲಿಲ್ಲ. ಈಗ ಹಂಚಿನ ಮಾಡೇ ಹುಡುಕುತ್ತೇನೆ. ಕಡಿಮೆ ದುಡ್ಡಿಗೆ ಸಿಗುವ ವೈರ್‌ಲೆಸ್ ಮೈಕುಗಳನ್ನು ನಂಬಬೇಡಿ. ಗದ್ದಲ ತೆಗೆಯುತ್ತೇನೆ ಅಂತ ಮಾತಿನ ಅಂಚನ್ನೂ ತಿಂದುಬಿಡುತ್ತವೆ. ಇನ್ನೊಂದು ಫೋನಿಗೆ ತಂತಿಯ ಮೈಕ್ ಹಾಕಿ ನಟರ ಎದೆ ಹತ್ತಿರ ಸಿಕ್ಕಿಸಿ, ಅದೇ ವಾಸಿ. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ 30 ಸೆಕೆಂಡು ಬರೀ ಆ ಜಾಗದ ಶಬ್ದ ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗಿನಲ್ಲಿ ಮಾತಿನ ನಡುವಿನ ತೂತು ಮುಚ್ಚಲು ಅದೇ ಬೇಕು.

ಹಂತ 6: ಎಡಿಟಿಂಗ್

ಸಿನಿಮಾ ಹಾಡಿನ ತುಣುಕು ಹಾಕಬೇಡಿ, ಯೂಟ್ಯೂಬಿನಲ್ಲಿ ಹಕ್ಕುಸ್ವಾಮ್ಯದ ತಕರಾರು ಬರುತ್ತದೆ. ತುಳು ಮಾತಿಗೆ ಕನ್ನಡ ಸಬ್‌ಟೈಟಲ್ ಹಾಕಿ, ಒಂದು ಸಲಕ್ಕೆ ಎರಡು ಸಾಲು ಮೀರದಿರಲಿ. ಕೊನೆಗೆ ಘೋಷಣೆ ಬೇಡ.

ಅಪ್‌ಲೋಡ್ ಮಾಡುವ ಮೊದಲು ಚಿತ್ರವನ್ನು ಅದರೊಳಗಿನ ಕೆಲಸ ದಿನಾ ಮಾಡುವವರಿಗೆ ತೋರಿಸಿ. ಹೂ ಕಟ್ಟುವವರ ಮನೆಗೆ ಹೋಗಿ. ಗೂಡಂಗಡಿಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬಿಡುವಿದ್ದ ಇಬ್ಬರು ಕಂಡಕ್ಟರುಗಳನ್ನು ಕರೆಯಿರಿ. ಸೀಟಿ ಎಲ್ಲಿ ಊದಬೇಕಿತ್ತು, ಎಲೆಯ ಕಟ್ಟನ್ನು ಹೇಗೆ ಹಿಡಿಯಬೇಕಿತ್ತು ಅಂತ ಅವರು ಹೇಳುತ್ತಾರೆ. ಬರೆದುಕೊಳ್ಳಿ. ಮರುದಿನ ಹೋಗಿ ಆ ಎರಡು ಶಾಟ್ ಮತ್ತೆ ತೆಗೆಯಿರಿ.