ಕೂಸಿನ ಲಂಗೋಟಿಗಳನ್ನು ಮನೆಯಲ್ಲೇ ಒಗೆದು ಶುದ್ಧಗೊಳಿಸುವ ಕ್ರಮ

ಒಗೆದು ಒಣಗಿಸಿ ಮಡಚಿಟ್ಟ ಲಂಗೋಟಿಯೊಂದನ್ನು ಕೈಗೆತ್ತಿಕೊಂಡು ಅದರ ಮೇಲೆ ಒಂದು ಚಮಚ ನೀರನ್ನು ನಿಧಾನವಾಗಿ ಬಿಡಿ. ನೀರು ಕೂಡಲೇ ಇಂಗಿದರೆ ಬಟ್ಟೆ ಚೆನ್ನಾಗಿದೆ. ಹನಿಹನಿಯಾಗಿ ಮೇಲೆಯೇ ನಿಂತು ಜಾರಿದರೆ, ಬಟ್ಟೆ ಕಣ್ಣಿಗೆ ಎಷ್ಟೇ ಬೆಳ್ಳಗೆ ಕಂಡರೂ, ಅದರ ಎಳೆಗಳಲ್ಲಿ ಸಾಬೂನಿನ ಜಿಡ್ಡು ಕುಳಿತಿದೆ ಎಂದು ತಿಳಿಯಬೇಕು. ನನ್ನ ಮಗಳು ಎರಡು ತಿಂಗಳ ಕೂಸಾಗಿದ್ದಾಗ ಧಾರವಾಡದ ನಮ್ಮ ಮನೆಯಲ್ಲಿ ಆದದ್ದು ಇದೇ. ಬೋರಿನ ಸವಳು ನೀರಿನಲ್ಲಿ ಬಟ್ಟೆ ಸಾಬೂನು ತಿಕ್ಕಿ ಒಗೆಯುತ್ತಿದ್ದೆ, ಸಮಾಧಾನಕ್ಕೆಂದು ಕೊನೆಯ ನೀರಿಗೆ ಒಂದು ಮುಚ್ಚಳ ರೋಗಾಣುನಾಶಕ ದ್ರವವನ್ನೂ ಹಾಕುತ್ತಿದ್ದೆ. ಆದರೂ ಲಂಗೋಟಿಗಳು ಹಪ್ಪಳದಂತೆ ಬಿರುಸಾದವು, ಮೂತ್ರ ತಾಗಿದೊಡನೆ ಘಾಟು ಏಳತೊಡಗಿತು, ಮಗುವಿನ ತೊಡೆಸಂದು ಕೆಂಪಾಯಿತು. ಒಗೆದ ಬಟ್ಟೆಯನ್ನೇ ಬರಿಯ ಬಿಸಿನೀರಿನಲ್ಲಿ ಅದ್ದಿ ಹಿಂಡಿ ನೋಡಿದೆ. ಆ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ತಪ್ಪು ಎಲ್ಲಿದೆ ಎಂಬುದು ಆಗ ತಿಳಿಯಿತು.

ಲಂಗೋಟಿಯನ್ನು ಶುದ್ಧಗೊಳಿಸುವುದು ಔಷಧಿಯ ವಾಸನೆಯಲ್ಲ. ಕೊಳೆಯನ್ನು ಪೂರ್ತಿ ಹೊರಹಾಕುವುದು, ಸಾಕಷ್ಟು ಬಿಸಿ ಕೊಡುವುದು, ಸಾಬೂನಿನ ಅಂಶ ಉಳಿಯದಂತೆ ಜಾಲಾಡುವುದು, ಚೂರೂ ತೇವವಿಲ್ಲದಂತೆ ಒಣಗಿಸುವುದು, ಈ ನಾಲ್ಕೂ ಇದೇ ಅನುಕ್ರಮದಲ್ಲಿ ನಡೆದರೆ ದಿನನಿತ್ಯಕ್ಕೆ ಬೇರೆ ರೋಗಾಣುನಾಶಕ ಬೇಕಾಗುವುದಿಲ್ಲ.

ನೀರಿನ ವಿಚಾರವನ್ನು ಮೊದಲು ಹೇಳಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಅರ್ಧ ತೊಂದರೆ ಅಲ್ಲಿಂದಲೇ ಬರುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಮಲಪ್ರಭೆಯ ನೀರು ದಿನವೂ ಬಾರದ ಬಡಾವಣೆಗಳಲ್ಲಿ ಜನರು ನಳದ ನೀರನ್ನು ಕುಡಿಯಲು ಎತ್ತಿಟ್ಟು ಬಟ್ಟೆಗೆ ಬೋರಿನ ನೀರನ್ನು ಬಳಸುತ್ತಾರೆ. ಗದಗ ಜಿಲ್ಲೆಯ ಎಷ್ಟೋ ಊರುಗಳಲ್ಲಿಯೂ ಬೋರಿನ ನೀರು ಗಡಸು. ಇಂತಹ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಬಾರ್ ಸಾಬೂನಿನೊಡನೆ ಸೇರಿ ಬಿಳಿಯ ಗಷ್ಟಾಗಿ ಎಳೆಗಳಿಗೆ ಅಂಟುತ್ತವೆ. ಆ ಗಷ್ಟಿನಡಿ ಉಳಿದ ಮೂತ್ರದಲ್ಲಿನ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಮೂಗಿಗೆ ಬಡಿಯುವ ಘಾಟು ಅದೇ. ಆದ್ದರಿಂದ ಗಡಸು ನೀರಿನ ಮನೆಯಲ್ಲಿ ಬಾರ್ ಸಾಬೂನನ್ನು ಬಿಟ್ಟು, ಸುವಾಸನೆ ಕಡಿಮೆಯಿರುವ ಡಿಟರ್ಜೆಂಟ್ ಪುಡಿಯನ್ನು ಬಳಸಬೇಕು, ಜೊತೆಗೆ ಹತ್ತು ಲೀಟರ್ ನೀರಿಗೆ ಒಂದು ದೊಡ್ಡ ಚಮಚದಷ್ಟು ಬಟ್ಟೆ ಸೋಡಾ ಬೆರೆಸಬೇಕು. ಇದು ಅಡುಗೆ ಸೋಡಾ ಅಲ್ಲ, ಅದಕ್ಕಿಂತ ಬಹಳ ತೀಕ್ಷ್ಣವಾದದ್ದು. ಬರಿಗೈಯಿಂದ ಮುಟ್ಟಬಾರದು, ಮಕ್ಕಳ ಕೈಗೆ ಸಿಗುವಂತೆ ಇಡಬಾರದು. ಅಂಟುವಾಳ ಕಾಯಿಯ ಮೇಲೆ ನನಗೂ ಪ್ರೀತಿಯಿದೆ, ಆದರೆ ಮಲ ಅಂಟಿದ ಬಟ್ಟೆಗೆ ಅದರ ಶಕ್ತಿ ಸಾಲದು.

ಬಳಸಿದ ಲಂಗೋಟಿಯನ್ನು ತೆಗೆದ ಕೂಡಲೇ ತಣ್ಣೀರಿನಲ್ಲಿ ಜಾಲಾಡಿ ಹಿಂಡಬೇಕು. “ಮೊದಲ ತಣ್ಣೀರು, ಬಿಸಿನೀರು ಆಮ್ಯಾಲೆ” ಎಂದು ನಮ್ಮ ಅವ್ವ ಬಾಣಂತನದುದ್ದಕ್ಕೂ ಹೇಳುತ್ತಿದ್ದಳು. ಅವಳ ಮಾತಿಗೆ ಕಾರಣವಿದೆ: ಮಲದಲ್ಲಿರುವ ಪ್ರೋಟೀನ್ ಬಿಸಿ ತಾಗಿದರೆ ಎಳೆಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಆಮೇಲೆ ಕಲೆ ಬಿಡುವುದಿಲ್ಲ. ಎದೆಹಾಲನ್ನಷ್ಟೇ ಕುಡಿಯುವ ಕೂಸಿನ ಮಲ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ರಾಗಿ ಸರಿ, ಅನ್ನದ ಗಂಜಿ ತಿನ್ನತೊಡಗಿದ ಮೇಲೆ ಮಲವನ್ನು ಮೊದಲು ಪಾಯಖಾನೆಗೆ ಸುರಿದು, ಉಳಿದದ್ದನ್ನು ನೀರಿನ ಧಾರೆಯಿಂದ ಬಿಡಿಸಬೇಕು. ಹಾಗೆ ಜಾಲಾಡಿದ ಬಟ್ಟೆಯನ್ನು ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ ಬಿಡುವ ರೂಢಿ ಬಹಳಷ್ಟು ಮನೆಗಳಲ್ಲಿ ಇದೆ, ಅದನ್ನು ಬಿಡುವುದು ಒಳ್ಳೆಯದು. ನಿಂತ ನೀರಿನಲ್ಲಿ ರೋಗಾಣುಗಳು ಬೆಳೆಯುತ್ತವೆ. ಅದಕ್ಕಿಂತ ದೊಡ್ಡ ಮಾತೆಂದರೆ, ಅಂಬೆಗಾಲಿಡುವ ಮಗು ಬಕೆಟ್ಟಿನ ಅಂಚು ಹಿಡಿದು ಬಾಗಿ ತಲೆಕೆಳಗಾಗಿ ಬಿದ್ದರೆ ಅಲ್ಪ ನೀರಿನಲ್ಲಿಯೂ ಮುಳುಗಿ ಪ್ರಾಣ ಕಳೆದುಕೊಳ್ಳಬಹುದು. ಹಿಂಡಿದ ಬಟ್ಟೆಯನ್ನು ಗಾಳಿಯಾಡುವ ತೂತಿನ ಬುಟ್ಟಿಯಲ್ಲಿ ನೀರಿಲ್ಲದೆ ಹಾಕಿಡಿ. ದಿನಕ್ಕೊಮ್ಮೆ, ತಪ್ಪಿದರೆ ಎರಡು ದಿನಕ್ಕೊಮ್ಮೆ ಒಗೆಯಿರಿ. ಎಳೆಗೂಸಿಗೆ ದಿನಕ್ಕೆ ಹತ್ತು ಹನ್ನೆರಡು ಲಂಗೋಟಿ ಬೇಕಾಗುವುದರಿಂದ ಇಪ್ಪತ್ನಾಲ್ಕು ಇದ್ದರೆ ಈ ಲೆಕ್ಕ ನಡೆಯುತ್ತದೆ.

ಕೈಯಿಂದ ಒಗೆಯುವವರು ಕೈ ತಾಳುವಷ್ಟು ಬಿಸಿಯ ನೀರಿಗೆ ಪುಡಿ ಕದಡಿ, ಅರ್ಧ ಗಂಟೆ ಬಿಟ್ಟು, ಬಟ್ಟೆಗೆ ಬಟ್ಟೆ ತಿಕ್ಕಿ ಒಗೆಯಬೇಕು. ಹೀಟರ್ ಇರುವ ವಾಷಿಂಗ್ ಮಷೀನ್ ಇದ್ದರೆ 60 ಡಿಗ್ರಿ ಸೆಲ್ಸಿಯಸ್‌ನ ಕಾಟನ್ ಕ್ರಮದಲ್ಲಿ ಹಾಕಿ, ಇನ್ನೊಂದು ಸಲ ಜಾಲಾಡುವಂತೆ ಇಡಿ. ಬಟ್ಟೆ ಮೆತ್ತಗಾಗಲೆಂದು ಕೊನೆಯಲ್ಲಿ ಹಾಕುವ ಸುವಾಸನೆಯ ದ್ರವವನ್ನು ಲಂಗೋಟಿಗೆ ಎಂದಿಗೂ ಹಾಕಬಾರದು. ಅದು ಎಳೆಗಳ ಮೇಲೆ ಪೊರೆಗಟ್ಟಿ ನೀರು ಹೀರುವ ಗುಣವನ್ನೇ ಕೆಡಿಸುತ್ತದೆ. ಕೊನೆಯ ನೀರಿನಲ್ಲಿ ನೊರೆ ಕಾಣದಿರುವವರೆಗೆ ಜಾಲಾಡಬೇಕು. ನಳದ ನೀರು ಕಡಿಮೆಯಿದ್ದರೆ ಮೊದಲಿನದ್ದಕ್ಕೆಲ್ಲ ಬೋರಿನ ನೀರು ಬಳಸಿ, ಈ ಕೊನೆಯ ಒಂದು ಬಕೆಟ್ಟನ್ನಾದರೂ ಸಿಹಿ ನೀರಿನದನ್ನಾಗಿ ಮಾಡಿಕೊಳ್ಳಿ.

ಮಗುವಿಗೆ ಭೇದಿಯಾದಾಗ, ಶಿಲೀಂಧ್ರದಿಂದ ಚರ್ಮ ಕೆಂಪಾದಾಗ, ಅಕ್ಕನ ಮಕ್ಕಳ ಲಂಗೋಟಿಗಳನ್ನು ಹೊಸ ಕೂಸಿಗೆ ಇಳಿಸಿಕೊಂಡಾಗ ಇಷ್ಟು ಸಾಲದು, ಆಗ ಕುದಿಸಬೇಕು. ಮೊದಲು ಒಗೆದು ಸ್ವಚ್ಛಮಾಡಿದ ಹತ್ತಿಯ ಬಟ್ಟೆಗಳನ್ನು ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಮುಳುಗುವಷ್ಟು ನೀರು ಹಾಕಿ, ನೀರು ಕೊತಕೊತ ಕುದಿಯತೊಡಗಿದ ಮೇಲೆ ಹತ್ತು ನಿಮಿಷ ಬಿಡಿ, ಕೋಲಿನಿಂದ ತಿರುವುತ್ತಿರಿ. ಸೋಡಾ ಹಾಕಿ ಕುದಿಸುವುದಾದರೆ ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿಂದು ಕಪ್ಪು ಮಾಡುತ್ತದೆ. ಪ್ಲಾಸ್ಟಿಕ್ ಪದರದ ಹೊರಕವಚ, ಇಲಾಸ್ಟಿಕ್ ಇರುವ ಲಂಗೋಟಿ, ಮೈಕ್ರೋಫೈಬರ್ ಒಳಪಟ್ಟಿ, ಇವು ಕುದಿಯುವ ನೀರನ್ನು ತಾಳುವುದಿಲ್ಲ. ಅವುಗಳ ಚೀಟಿಯಲ್ಲಿ ಬರೆದಿರುವ ಶಾಖವನ್ನು ಮೀರಬಾರದು.

ಕುದಿಸಲಾಗದಿದ್ದರೆ ಬ್ಲೀಚ್ ಒಂದು ದಾರಿ. ಬಿಸಿನೀರಿನಲ್ಲಿ ಒಗೆಯಲಾಗದ ಬಟ್ಟೆಗಳನ್ನು ಶೇ. 0.05ರ ಕ್ಲೋರಿನ್ ದ್ರಾವಣದಲ್ಲಿ ಸುಮಾರು 30 ನಿಮಿಷ ನೆನೆಸುವಂತೆ ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಕಾಲದಲ್ಲಿ ಸೂಚಿಸಿತ್ತು. ಶೇ. 5ರ ಬ್ಲೀಚ್ ದ್ರವವಾದರೆ 10 ಲೀಟರ್ ತಣ್ಣೀರಿಗೆ 100 ಮಿಲಿಲೀಟರ್ ಎಂದು ಲೆಕ್ಕ. ಮೂತ್ರ ಉಳಿದಿರುವ ಬಟ್ಟೆಗೆ ಬ್ಲೀಚ್ ಹಾಕಿದರೆ ಅಮೋನಿಯಾದೊಡನೆ ಸೇರಿ ಉಸಿರುಗಟ್ಟಿಸುವ ಅನಿಲ ಹೊಮ್ಮುತ್ತದೆ, ಆದ್ದರಿಂದ ಚೆನ್ನಾಗಿ ಒಗೆದ ಬಟ್ಟೆಗೆ ಮಾತ್ರ, ಕಿಟಕಿ ತೆರೆದಿಟ್ಟು, ತಣ್ಣೀರಿನಲ್ಲಿಯೇ ಬಳಸಬೇಕು. ವಿನೆಗರ್, ಲಿಂಬೆರಸ, ಪಾಯಖಾನೆ ತೊಳೆಯುವ ಆಮ್ಲ, ಇವುಗಳೊಡನೆ ಬೆರೆಸಲೇಬಾರದು. ನಂತರ ವಾಸನೆ ಹೋಗುವವರೆಗೆ ಮೂರು ನಾಲ್ಕು ನೀರಿನಲ್ಲಿ ಜಾಲಾಡಿ. ಕೂಸಿನ ಬಟ್ಟೆಯ ಹತ್ತಿರ ಫಿನೈಲ್ ತರಲೇಬಾರದು.

ಒಣಗಿಸುವುದು ಬೇಸಿಗೆಯಲ್ಲಿ ಮಾತನಾಡಬೇಕಾದ ವಿಷಯವೇ ಅಲ್ಲ. ನೇರ ಬಿಸಿಲು ಕಲೆಯನ್ನು ತಿಳಿಗೊಳಿಸುತ್ತದೆ, ರೋಗಾಣುಗಳನ್ನೂ ತಗ್ಗಿಸುತ್ತದೆ. ಗದಗ ಕಡೆಯ ಗಾಳಿಗೆ ಬಟ್ಟೆ ಬೇಗ ಒಣಗುತ್ತದೆ, ಎರೆಮಣ್ಣಿನ ಧೂಳನ್ನು ಕೊಡವಿದರೆ ಸಾಕು. ಕಷ್ಟವಿರುವುದು ಧಾರವಾಡದ ಜಿಟಿಜಿಟಿ ಮಳೆಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲಿ. ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ, ಲೋಬಾನದ ಹೊಗೆ ಕೊಟ್ಟು ಕೂಸಿನ ಬಟ್ಟೆ ಒಣಗಿಸುವ ಪದ್ಧತಿ ಹಿರಿಯರಿಗೆ ಪ್ರಿಯವಾದದ್ದು, ಅವರ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬಾಗಿಲು ಹಾಕಿದ ಬಾಣಂತಿ ಕೋಣೆಯಲ್ಲಿ ಕೆಂಡ ಉರಿದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಹೊಗೆ ಎಳೆಯ ಶ್ವಾಸಕ್ಕೆ ತೊಂದರೆ ಕೊಡುತ್ತದೆ. ಅದರ ಬದಲು ಬಟ್ಟೆಗಳನ್ನು ಒಂದರ ಮೇಲೊಂದು ಬೀಳದಂತೆ ಫ್ಯಾನಿನ ಕೆಳಗೆ ಹರವಿ, ಮುಕ್ಕಾಲು ಒಣಗಿದ ಮೇಲೆ ಹತ್ತಿಯ ಬಟ್ಟೆಗೆ ಬಿಸಿ ಇಸ್ತ್ರಿ ಹಾಕಿ. ಹೊಲಿಗೆಯ ಅಂಚನ್ನು ಕೆನ್ನೆಗೆ ತಾಗಿಸಿ ನೋಡಿ. ತಂಪೆನಿಸಿದರೆ ಒಳಗೆ ತೇವ ಇನ್ನೂ ಇದೆ.

ಆರಂಭದಲ್ಲಿ ಹೇಳಿದ ಜಿಡ್ಡು ಈಗಾಗಲೇ ಕುಳಿತಿದ್ದರೆ, ಹತ್ತು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಬಟ್ಟೆ ಸೋಡಾ ಹಾಕಿ, ಹತ್ತಿಯ ಲಂಗೋಟಿಗಳನ್ನು ನೀರು ಆರುವವರೆಗೆ ಅದರಲ್ಲಿ ಮುಳುಗಿಸಿಡಿ, ಬಚ್ಚಲಿನ ಬಾಗಿಲು ಹಾಕಿಡಿ. ನೀರು ಕಲಕಾಗಿ ಬೂದುಬಣ್ಣಕ್ಕೆ ತಿರುಗುತ್ತದೆ. ಜಾಲಾಡಿ ಒಣಗಿಸಿ ಮತ್ತೆ ಚಮಚ ನೀರಿನಿಂದ ಪರೀಕ್ಷಿಸಿ. ಬಟ್ಟೆ ಸರಿಯಾದ ಮೇಲೂ ಮೂರು ದಿನಗಳಲ್ಲಿ ಮಗುವಿನ ಚರ್ಮ ಮಾಯದಿದ್ದರೆ, ಅಥವಾ ಕೆಂಪಿನ ಸುತ್ತ ಸಣ್ಣ ಗುಳ್ಳೆಗಳೆದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಒಣಗಿದ ಲಂಗೋಟಿಗಳನ್ನು ಸ್ವಚ್ಛವಾದ ಬಟ್ಟೆಯ ಚೀಲದಲ್ಲಿ ಇಡಿ, ನುಸಿಗುಳಿಗೆ ಇರುವ ಟ್ರಂಕಿನಲ್ಲಿ ಇಡಬೇಡಿ. ನ್ಯಾಫ್ತಲೀನ್ ಗುಳಿಗೆಯ ಆವಿ ಬಟ್ಟೆಯಿಂದ ಕೂಸಿನ ಮೈಗೆ ಇಳಿದು ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಿಗೆ ಅಪಾಯ ಇನ್ನೂ ಹೆಚ್ಚು, ನಾವು ದಿನವೂ ಎಣ್ಣೆ ಹಚ್ಚಿ ಎರೆಯುವ ಮೈಗೆ ಅದು ಇನ್ನೂ ಬೇಗ ಸೇರುತ್ತದೆ. ಅಜ್ಜಿಯ ಟ್ರಂಕಿನಿಂದ ತೆಗೆದ ಹಳೆಯ ಕುಂಚಿಗೆ, ಕೌದಿ, ದೋತರದ ತುಂಡುಗಳನ್ನು ಒಗೆದು ಹಲವು ದಿನ ಬಿಸಿಲು ಗಾಳಿಗೆ ಹಾಕಿ, ಆ ವಾಸನೆ ಒಂದಿಷ್ಟೂ ಉಳಿದಿಲ್ಲವೆಂದು ಮೂಸಿ ನೋಡಿದ ನಂತರವೇ ಕೂಸಿಗೆ ಬಳಸಬೇಕು.